ಗುಡ್ಡ ಇಳಿಯದ ಸಿಪಾಯಿ, ಮತ್ತೆ ನಮ್ಮ ಒಂಬತ್ತು ತೆಂಗಿನ ಮರ

ರಾಗಿ ಒಕ್ಕಣೆ ಮುಗೀತು. ಮಿಷನ್ ಸಿಗೋದು ಎಂಟು ದಿನ ತಡ ಆಯ್ತು, ಹುಲ್ಲು ಬಣವೆ ಹಾಕೋಕೆ ಆಳು ಸಿಗ್ಲಿಲ್ಲ, ಮನೆಯವರೇ ಹಾಕಿದ್ವಿ. ಬೆನ್ನು ಇನ್ನೂ ನೋಯ್ತಾ ಇದೆ. ಅದಕ್ಕೇ ಹದಿನೈದು ದಿನದಿಂದ ಇಲ್ಲಿ ಏನೂ ಬರೀಲಿಲ್ಲ. ಇವತ್ತು ಬೆಳೆ ವಿಷಯ ಸ್ವಲ್ಪ ಕಮ್ಮಿ. ಒಬ್ಬ ಮುದುಕ ಸಿಪಾಯಿ ವಿಷಯ. ಉದ್ದ ಆಗುತ್ತೆ, ಪುರುಸೊತ್ತು ಇದ್ದಾಗ ಓದಿ.

ಸಂಕ್ರಾಂತಿ ಆಸುಪಾಸಲ್ಲಿ ಸೇನಾ ದಿನ ಬರುತ್ತೆ. ನಮ್ಮ ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಕೈಯಿಂದ ಭಾರತದ ಸೇನೆಯ ಹೊಣೆ ತಗೊಂಡ ದಿನ ಅದು. ಅವತ್ತು ನಮ್ಮೂರ ವಾಟ್ಸಾಪ್ ಗುಂಪಲ್ಲಿ ಸಿಪಾಯಿಗಳ ಕಥೆ ಮಳೆ ಬಂದಂಗೆ ಬರ್ತವೆ. ಈ ಸಲ ಒಂದು ಜಪಾನಿನ ಕಥೆ ಬಂತು. ಹಿರೂ ಒನೊಡಾ ಅಂತ ಒಬ್ಬ ಸೈನಿಕ, ಎರಡನೇ ಮಹಾಯುದ್ಧ ಮುಗಿದಿದ್ದು ನಂಬದೆ ಫಿಲಿಪ್ಪೀನ್ಸಿನ ಒಂದು ದ್ವೀಪದ ಕಾಡಲ್ಲಿ ಮೂವತ್ತು ವರ್ಷ ಒಬ್ಬ ಸಿಪಾಯಿಯಾಗೇ ಉಳಿದ, ಮೇಲಧಿಕಾರಿ ಬಂದು ಹೇಳೋವರೆಗೂ ಬಂದೂಕು ಕೆಳಗಿಡಲಿಲ್ಲ ಅಂತ. ಕೊನೇಲಿ ದಪ್ಪ ಅಕ್ಷರದಲ್ಲಿ, "ನಿಷ್ಠೆ ಅಂದರೆ ಇದು". ಎಲ್ಲರೂ ಹೆಬ್ಬೆಟ್ಟು ಒತ್ತಿದ್ರು. ನಾನೂ ಒತ್ತಿದೆ.

ಆಮೇಲೆ ರಾತ್ರಿ ಮಗಳನ್ನ ಕೂರಿಸ್ಕೊಂಡು ಆತನ ಬಗ್ಗೆ ಇಂಗ್ಲಿಷಲ್ಲಿ ಇರೋದನ್ನೆಲ್ಲ ಓದಿಸಿದೆ. ಎರಡು ರಾತ್ರಿ ಓದಿದಳು. ಓದಿ ಮುಗಿಸೋ ಹೊತ್ತಿಗೆ ನಾನು ಒತ್ತಿದ ಹೆಬ್ಬೆಟ್ಟು ವಾಪಸ್ ತೆಗೆದುಕೊಂಡೆ. ಯಾಕೆ ಅಂತ ಹೇಳೋಕೇ ಈ ಬರಹ.

ಮೊದ್ಲು ಕಥೆ ಪೂರ್ತಿ ಹೇಳ್ತೀನಿ. ಒನೊಡಾ ಹುಟ್ಟಿದ್ದು 1922ರಲ್ಲಿ. 1944ರ ಡಿಸೆಂಬರಲ್ಲಿ, ಇಪ್ಪತ್ತೆರಡು ವರ್ಷದ ಹುಡುಗ, ಗೂಢಚಾರಿಕೆ ತರಬೇತಿ ಮುಗಿಸಿ ಲುಬಾಂಗ್ ಅನ್ನೋ ದ್ವೀಪಕ್ಕೆ ಬಂದ. ಮನಿಲಾದಿಂದ ನೈಋತ್ಯಕ್ಕಿರೋ ಸಣ್ಣ ದ್ವೀಪ. ಮಧ್ಯೆ ಗುಡ್ಡ, ಕಾಡು, ಅಂಚಿನಲ್ಲಿ ಭತ್ತದ ಗದ್ದೆ, ತೆಂಗು, ಬಾಳೆ. ವಿಮಾನ ಇಳಿಯೋ ಜಾಗ ಮತ್ತೆ ಹಡಗುಕಟ್ಟೆ ಹಾಳುಮಾಡು, ಗೆರಿಲ್ಲಾ ಯುದ್ಧ ನಡೆಸು ಅಂತ ಕಳಿಸಿದ್ರು. ಜೊತೆಗೆ ಒಂದು ಆಜ್ಞೆ: ಶರಣಾಗಬಾರದು, ಪ್ರಾಣ ಕಳ್ಕೋಬಾರದು. 1945ರ ಫೆಬ್ರವರಿ ಕೊನೇಲಿ ಅಮೆರಿಕದ ಸೈನ್ಯ ಬಂದು ಇಳೀತು. ಜಪಾನಿನವರು ಬಹುಪಾಲು ಸತ್ತರು, ಇಲ್ಲ ಸೆರೆ ಸಿಕ್ಕರು. ಉಳಿದವರಲ್ಲಿ ಒನೊಡಾ ಮತ್ತೆ ಮೂರು ಜನ ಗುಡ್ಡ ಹತ್ತಿದ್ರು.

ಆಗಸ್ಟಿಗೆ ಯುದ್ಧ ಮುಗೀತು. ಗುಡ್ಡದ ಮೇಲೆ ಚೀಟಿ ಉದುರಿಸಿದ್ರು. ಇದು ಶತ್ರುವಿನ ಮೋಸ ಅಂದ್ಕೊಂಡ್ರು. ನಾಲ್ವರಲ್ಲಿ ಅಕಾತ್ಸು ಅನ್ನೋನು 1949ರಲ್ಲಿ ಬಿಟ್ಟು ಹೋಗಿ ಮಾರನೇ ವರ್ಷ ಶರಣಾದ. ಶಿಮಾದಾ ಅನ್ನೋನು 1954ರಲ್ಲಿ ಗುಂಡೇಟಿಗೆ ಸತ್ತ. ಆಮೇಲೆ ಒನೊಡಾ, ಕೊಜುಕಾ ಇಬ್ಬರೇ ಹದಿನೆಂಟು ವರ್ಷ. 1972ರ ಅಕ್ಟೋಬರಲ್ಲಿ ಕೊಜುಕಾ ಪೊಲೀಸರ ಗುಂಡಿಗೆ ಸತ್ತ. ಆಮೇಲೆ ಒನೊಡಾ ಒಬ್ಬನೇ.

ಸರ್ಕಾರದ ಹುಡುಕಾಟ ಪಡೆಗಳಿಗೆ ಸಿಗದ ಮನುಷ್ಯ 1974ರ ಫೆಬ್ರವರಿಯಲ್ಲಿ ಯಾರಿಗೆ ಸಿಕ್ಕ ಗೊತ್ತಾ? ನೊರಿಯೊ ಸುಜುಕಿ ಅಂತ, ಓದು ಬಿಟ್ಟು ದೇಶ ಅಲೆಯೋ ಒಬ್ಬ ಹುಡುಗನಿಗೆ. ಆಯುಧ ಇಲ್ಲ, ಪಡೆ ಇಲ್ಲ. ಒಬ್ಬನೇ ಹೋಗಿ ಗುಡಾರ ಹಾಕ್ಕೊಂಡು ಒಲೆ ಹಚ್ಚಿ ಕೂತ. ಒನೊಡಾ ತಾನಾಗೇ ಬಂದ. ಮಾತಾಡಿದ್ರು. ನನ್ನ ಮೇಲಧಿಕಾರಿ ಬಂದು ಹೇಳಿದ್ರೆ ಮಾತ್ರ ಇಳೀತೀನಿ ಅಂದ. ಆ ಮೇಜರ್ ತನಿಗುಚಿ ಅಷ್ಟೊತ್ತಿಗೆ ಪುಸ್ತಕ ಮಾರ್ಕೊಂಡಿದ್ದ. ಅವನನ್ನ ಕರ್ಕೊಂಡು ಬಂದು ಮಾರ್ಚ್ 9ರಂದು ಆಜ್ಞೆ ರದ್ದು ಅಂತ ಓದಿಸಿದ್ರು. ಆಗ ಬಂದೂಕು ಇಳಿಸಿದ. ಬಂದೂಕು ಇನ್ನೂ ಹಾರೋ ಸ್ಥಿತಿಯಲ್ಲಿತ್ತು. ಆತನಿಗೆ ಆಗ ಹತ್ತಿರ ಹತ್ತಿರ 52. ನನ್ನ ವಯಸ್ಸಿಗೆ ಎರಡು ಕಮ್ಮಿ.

ಊರಿಗೆ ಹೋದ ಮೇಲೆ ಜಪಾನು ಆತನಿಗೆ ಒಗ್ಗಲಿಲ್ಲ. ಮಾರನೇ ವರ್ಷ ಬ್ರೆಜಿಲ್‌ಗೆ ಹೋಗಿ ಕಾಡು ಕಡಿದು ದನ ಸಾಕಿದ. ಆಮೇಲೆ 1980ರಲ್ಲಿ ಜಪಾನಿನ ಒಬ್ಬ ಹುಡುಗ ಹೆತ್ತವರನ್ನೇ ಕೊಂದ ಸುದ್ದಿ ಓದಿ ಮನಸ್ಸು ಕೆಟ್ಟು, 1984ರಿಂದ ಜಪಾನಿಗೆ ಬಂದು ಮಕ್ಕಳಿಗೆ ಕಾಡಲ್ಲಿ ಬದುಕೋ ಶಿಬಿರ ಶುರು ಮಾಡಿದ. ಬೆಂಕಿ ಹಚ್ಚೋದು, ಗುಡಾರ ಹಾಕೋದು, ಇರೋದ್ರಲ್ಲಿ ಬದುಕೋದು. 2014ರ ಜನವರಿ 16ರಂದು ತೀರಿಕೊಂಡ. 91 ವರ್ಷ.

ಇಷ್ಟು ಕಥೆ. ಇದ್ರಲ್ಲಿ ಮೆಚ್ಚೋದು ಇಲ್ವಾ? ಇದೆ. ಮಳೆಗಾಲದಲ್ಲಿ ಗುಡ್ಡಕ್ಕೆ ಜನ ಬರಲ್ಲ ಅಂತ ಲೆಕ್ಕ ಹಾಕಿ ಆಗ ಮಾತ್ರ ಗುಡಿಸಲು ಕಟ್ಟಿಕೊಳ್ತಿದ್ರು, ಮಳೆ ನಿಂತ ತಕ್ಷಣ ಬಿಚ್ಚಿ ಜಾಗ ಬದಲಾಯಿಸ್ತಿದ್ರು. ಬಾಳೆಕಾಯಿನ ಸಿಪ್ಪೆ ಸಮೇತ ಹೆಚ್ಚಿ, ನೀರಲ್ಲಿ ತೊಳೆದು ಒಗರು ತೆಗೆದು ಬೇಯಿಸ್ತಿದ್ರು. ಹೊಗೆ ಕಾಣದ ಹಾಗೆ ಒಲೆ ಹಚ್ಚೋದು, ಹರಿದ ಬಟ್ಟೆಗೆ ತೇಪೆ ಹಾಕೋದು, ಬಂದೂಕಿಗೆ ತುಕ್ಕು ಹಿಡಿಯದಂಗೆ ನೋಡ್ಕೊಳ್ಳೋದು, ಎಲ್ಲ ಗೊತ್ತು. ಕ್ಯಾಲೆಂಡರ್ ಇಲ್ಲದೆ ಮೂವತ್ತು ವರ್ಷ ದಿನ ಎಣಿಸಿ ಕೊನೆಗೆ ತಪ್ಪಿದ್ದು ಆರೇ ದಿನ ಅಂತೆ. ನಾನು ಅಮಾವಾಸ್ಯೆ ಎಂದು ಅಂತ ದಿನಾ ಹೆಂಡ್ತೀನ ಕೇಳ್ತೀನಿ. ಕಾಡಿನ ಮನುಷ್ಯನಾಗಿ ಆತನಿಗೆ ನನ್ನ ಒಂದು ಕೈಮುಗಿತ ಇದೆ.

ಆದ್ರೆ ಬಂಧುಗಳೇ, ನಾವು ಸಿಪಾಯಿಗಳಲ್ಲ, ರೈತರು. ಆ ದ್ವೀಪದಲ್ಲಿ ಇದ್ದೋರೂ ರೈತರು, ಮೀನು ಹಿಡಿಯೋರು. ಒಂದ್ಸಲ ಕಥೇನ ಅವರ ಗದ್ದೆ ಬದಿಯಿಂದ ನೋಡಿ.

ಆತ ಮೂವತ್ತು ವರ್ಷ ಏನು ತಿಂದ? ಬಾಳೆ, ತೆಂಗು. ಯಾರು ಬೆಳೆದಿದ್ದು? ಅವರು. ಮಾಂಸ? ಅವರ ದನ. ಹೊಡೆದು, ಹೊಗೆಯಲ್ಲಿ ಒಣಗಿಸಿ ತಿಂಗಳುಗಟ್ಟಲೆ ತಿಂತಿದ್ರು. ಉಳೋ ಜೋಡಿಯಲ್ಲಿ ಒಂದು ಹೋದ್ರೆ ಆ ವರ್ಷ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಇನ್ನೊಂದು ವಿಷಯ ಓದುವಾಗ ಮಗಳು ನಿಲ್ಲಿಸಿ ನನ್ನ ಮುಖ ನೋಡಿದಳು. ಸುಗ್ಗಿ ಮುಗಿದು ಜನ ಭತ್ತ ಕುಯ್ದು ಗುಡ್ಡೆ ಹಾಕಿದಾಗ ಇವರು ಗುಡ್ಡ ಇಳಿದು ಅದಕ್ಕೆ ಬೆಂಕಿ ಇಡ್ತಿದ್ರು. ನಾವಿನ್ನೂ ಇದ್ದೀವಿ ಅಂತ ತಮ್ಮ ಸೈನ್ಯಕ್ಕೆ ಸುದ್ದಿ ಮುಟ್ಟಲಿ ಅಂತ. ಕೊಜುಕಾ ಸತ್ತಿದ್ದೂ ಹಂಗೆ ಭತ್ತ ಸುಡೋಕೆ ಹೋಗಿದ್ದಾಗ್ಲೇ.

ಮಗಳು ಯಾಕೆ ನನ್ನ ಮುಖ ನೋಡಿದಳು ಅಂದ್ರೆ 2007ರಲ್ಲಿ ನಮ್ಮ ರಾಗಿ ಮೆದೆ ಸುಟ್ಟೋಗಿತ್ತು. ಅವಳು ಆಗ ಸಣ್ಣವಳು. ರಾತ್ರಿ ಎರಡು ಗಂಟೆಗೆ ನಾಯಿ ಬೊಗಳಿ ಎದ್ದು ನೋಡಿದ್ರೆ ಕಣ ಎಲ್ಲ ಹಗಲಾದಂಗೆ ಬೆಳಕು. ಒಂದೂಕಾಲು ಎಕರೆ ರಾಗಿ. ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ವಿ, ಬೆಂಕಿ ಅದನ್ನ ಕೇಳುತ್ತಾ? ಬೆಳಿಗ್ಗೆ ಬೂದಿ ಕೆದಕಿದ್ರೆ ಹುರಿದ ರಾಗಿ ವಾಸನೆ. ನಮ್ಮವ್ವ ಆ ಬೂದಿ ಮುಂದೆ ಕೂತು ಸಂಜೆವರೆಗೂ ಎದ್ದಿರಲಿಲ್ಲ. ಹಾಗಾಗಿ ಮೆದೆ ಸುಡೋನ ನಿಷ್ಠೆ ನನಗೆ ಯಾರೂ ಹೇಳಿಕೊಡೋದು ಬೇಡ.

ದನ, ಭತ್ತ ಹೋಗ್ಲಿ. ಆ ವರ್ಷಗಳಲ್ಲಿ ಆ ಗುಂಪಿನ ಕೈಲಿ ಸತ್ತ ದ್ವೀಪದ ಜನ ಸುಮಾರು ಮೂವತ್ತು ಅಂತಾರೆ. ಗಾಯ ಆದೋರು ಬೇರೆ. ಯಾಕೆ? ರೈತನ ವೇಷದಲ್ಲಿ ಬಂದ ಶತ್ರುವಿನ ಬೇಹುಗಾರರು ಅಂತ ಅನುಮಾನ. ಮರ ಹತ್ತಿ ಕಾಯಿ ಕೆಡವೋನು, ಸೌದೆಗೆ ಹೋದೋನು, ದನ ಹುಡುಕ್ಕೊಂಡು ಹೋದೋನು, ಇಂಥೋರು. ಯುದ್ಧ ಮುಗಿದು ಇಪ್ಪತ್ತು ವರ್ಷ ಆದ್ಮೇಲೂ ತನ್ನ ತೋಟಕ್ಕೆ ಹೋಗೋಕೆ ಹೆದರಬೇಕು ಅಂದ್ರೆ ಅದು ಯಾವ ಬದುಕು? ಒನೊಡಾನ ಬಂದೂಕು, ಆತ ಎಣಿಸಿದ ದಿನ ಎಲ್ಲ ಪುಸ್ತಕದಲ್ಲಿದೆ. ಸತ್ತವರ ಹೆಸರು ಒಂದೂ ನಮ್ಮ ವಾಟ್ಸಾಪಿಗೆ ಬರ್ಲಿಲ್ಲ. ಫಿಲಿಪ್ಪೀನ್ಸಿನ ಅಧ್ಯಕ್ಷ ಮಾರ್ಕೋಸ್ ಆತನಿಗೆ ಕ್ಷಮೆ ಕೊಟ್ಟ. ಸರಿ. ಆದ್ರೆ ಕ್ಷಮೆ ಕೊಡಬೇಕಾದೋನು ಗಂಡನ್ನ ಕಳ್ಕೊಂಡ ಆ ಹೆಣ್ಣುಮಗಳಲ್ವಾ? ಅವಳನ್ನ ಯಾರು ಕೇಳಿದ್ರು? 1996ರಲ್ಲಿ ಆತ ಲುಬಾಂಗಿಗೆ ವಾಪಸ್ ಹೋಗಿ ಅಲ್ಲಿನ ಶಾಲೆಗೆ ಹತ್ತು ಸಾವಿರ ಡಾಲರ್ ಕೊಟ್ಟ. ಕೊಟ್ಟಿದ್ದು ಒಳ್ಳೇದು. ಮೂವತ್ತು ಮನೆಗೆ ಅದನ್ನ ಭಾಗ ಹಾಕಿ ನೋಡಿ.

ನಮ್ಮೂರಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ಹವಾಲ್ದಾರ್ ಇದ್ದಾರೆ. ಅವರನ್ನ ಕೇಳಿದೆ, ಏನಣ್ಣ ಇದು ಅಂತ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು ಅಂದ್ರು: "ಆರ್ಡರ್ ಕೊಟ್ಟೋನೇ ಬಂದು ವಾಪಸ್ ತಗೋಬೇಕು, ಅದು ಸರಿ ಕಣಪ್ಪ. ಆದ್ರೆ ಕಾಯಿ ಕೀಳೋನ ಮೇಲೆ ಗುಂಡು ಹಾರಿಸೋಕೆ ಆರ್ಡರ್ ಬೇಕಾಗಿಲ್ಲ, ಹಾರಿಸದೆ ಇರೋಕೂ ಬೇಕಾಗಿಲ್ಲ." ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಕೆಲವರು ಕೇಳ್ತೀರಿ: ಆತನಿಗೆ ಯುದ್ಧ ಮುಗಿದಿದ್ದು ಗೊತ್ತೇ ಇರಲಿಲ್ಲವಲ್ಲ, ಅವನ ತಪ್ಪೇನು? ನಾನೂ ಮೊದಲು ಹಂಗೇ ಅಂದ್ಕೊಂಡೆ. ಆದ್ರೆ ಗೊತ್ತಾಗೋಕೆ ದಾರಿ ಇರ್ಲಿಲ್ಲ ಅನ್ನೋಕಾಗಲ್ಲ. ಚೀಟಿ ಬಂತು. ಮನೆಯವರ ಕಾಗದ, ಫೋಟೋ ಬಂತು. ಪೇಪರ್ ಬಂತು. ಒಂದು ಟ್ರಾನ್ಸಿಸ್ಟರ್ ರೇಡಿಯೋನೂ ಕೈಗೆ ಸಿಕ್ಕಿತ್ತು. ಅದ್ರಲ್ಲಿ ಜಪಾನಿನ ಕುದುರೆ ಜೂಜು ಕೇಳ್ಕೊಂಡು ಇಬ್ಬರೂ ತಮ್ಮೊಳಗೇ ಬಾಜಿ ಕಟ್ತಿದ್ರಂತೆ. ಊರಲ್ಲಿ ಕುದುರೆ ಓಡ್ತಾ ಇದಾವೆ, ಇವರು ಯುದ್ಧದಲ್ಲಿದಾರೆ. ಬಂದ ಸುದ್ದಿಗೆಲ್ಲ ಒಂದು ಅರ್ಥ ಹಚ್ಚಿ, ಇದೂ ಶತ್ರುವಿನ ತಂತ್ರ ಅಂತ ಬದಿಗಿಟ್ರು.

ಎಲ್ಲಕ್ಕಿಂತ ನನ್ನ ಎದೆಗೆ ತಾಗಿದ್ದು ಇದು. 1959ರಲ್ಲಿ ಆತನ ಸ್ವಂತ ಅಣ್ಣ ಜಪಾನಿಂದ ಬಂದು, ಗುಡ್ಡದ ಹತ್ತಿರ ಮೈಕ್ ಹಿಡಿದು ಕೂಗಿದ. ಹಾಡೂ ಹೇಳಿದ. ಒನೊಡಾ ದೂರದಿಂದ ಕೇಳಿಸ್ಕೊಂಡ. ದನಿ ಅಣ್ಣನದೇ ಅನ್ನಿಸ್ತು. ಆದ್ರೆ ಹಾಡಿನ ಕೊನೇಲಿ ಸ್ವರ ತಪ್ಪಿತು. ಅಷ್ಟಕ್ಕೇ, ಓ ಇವನು ನಮ್ಮಣ್ಣ ಅಲ್ಲ, ಅಣ್ಣನಂಗೆ ನಟಿಸೋಕೆ ಯಾರನ್ನೋ ಕರ್ಕೊಂಡು ಬಂದಿದಾರೆ ಅಂತ ತೀರ್ಮಾನ ಮಾಡಿ ಕಾಡೊಳಕ್ಕೆ ಹೋದ. ಹದಿನೈದು ವರ್ಷ ತಮ್ಮನ್ನ ಕಾಣದೆ, ಅವನು ಬದುಕಿದಾನೋ ಇಲ್ವೋ ಗೊತ್ತಿಲ್ಲದೆ ಕೂಗೋ ಅಣ್ಣನ ದನಿ ಕೊನೇಲಿ ತಪ್ಪದೆ ಇನ್ನೇನಾಗುತ್ತೆ? ಅಳು ಬಂದಿರುತ್ತೆ. ಕೇಳಿಸ್ಕೊಂಡೋನಿಗೆ ಅದು ಮೋಸದ ಗುರುತಾಗಿ ಕಂಡಿತು.

ಇಲ್ಲಿಗೆ ಮಗಳು ಓದೋದು ನಿಲ್ಲಿಸಿದಳು. ನಾನೇ ಸಾಕು ಅಂದೆ.

ಈಗ ನಮ್ಮ ಮನೆ ವಿಷಯ. ಈ ಪುಟದಲ್ಲಿ ಇದುವರೆಗೂ ಬರೆದಿರಲಿಲ್ಲ. ನನಗೂ ನಮ್ಮಣ್ಣನಿಗೂ ಇಪ್ಪತ್ತು ವರ್ಷದಿಂದ ಬದುವಿನ ವ್ಯಾಜ್ಯ. ಅಳತೆಯಲ್ಲಿ ಬಂದ ವ್ಯತ್ಯಾಸ ಹನ್ನೊಂದು ಅಡಿ. ಆ ಹನ್ನೊಂದು ಅಡಿಯಲ್ಲಿ ಒಂದು ಸಾಲು, ಒಂಬತ್ತು ತೆಂಗಿನ ಮರ. ಎರಡು ಸಲ ಹದ್ದುಬಸ್ತು ಮಾಡಿಸಿದ್ವಿ, ಎರಡು ಸಲಾನೂ ಕಲ್ಲು ಬೇರೆ ಬೇರೆ ಕಡೆ ಬಿತ್ತು. ನಮ್ಮಪ್ಪ 2004ರಲ್ಲಿ ತೀರ್ಕೊಳ್ಳೋ ಹಿಂದಿನ ವಾರ ನನ್ನ ಕೈ ಹಿಡಿದು "ಒಂದಡಿ ಬಿಡಬೇಡ ಕಣೋ" ಅಂದಿದ್ದ. ಅಣ್ಣನಿಗೆ ಏನು ಹೇಳಿದ್ನೋ ಗೊತ್ತಿಲ್ಲ. ಇಬ್ಬರಿಗೂ ಅದೇ ಹೇಳಿದ್ರೂ ಹೇಳಿದ್ದಾನು.

ಕೋರ್ಟು ಯಥಾಸ್ಥಿತಿ ಅಂತು. ಯಾರೂ ಆ ಸಾಲಿಗೆ ಕೈ ಹಾಕಂಗಿಲ್ಲ. ನೀರಿಲ್ಲ, ಗೊಬ್ಬರ ಇಲ್ಲ, ಸುಳಿ ನೋಡೋರಿಲ್ಲ. ಮರಕ್ಕೆ ವರ್ಷಕ್ಕೆ 75 ಕಾಯಿ ಅಂತ ಹಿಡಿದ್ರೂ ಒಂಬತ್ತು ಮರಕ್ಕೆ ಇಪ್ಪತ್ತು ವರ್ಷದಲ್ಲಿ 13,500 ಕಾಯಿ. ಅಟ್ಟಕ್ಕೆ ಹೋಗಿ ಕೊಬ್ಬರಿ ಆಗಬೇಕಾದ್ದು, ಉದುರಿ ಕೊಳೆತು ಹೋಯ್ತು. ವಕೀಲರ ಫೀಸು, ಬಸ್ ಚಾರ್ಜು, ಕೆಲಸ ಬಿಟ್ಟ ದಿನ ಇದ್ರ ಮೇಲೆ.

ಇದು ನಮ್ಮ ನಷ್ಟ, ನಾವು ಅನುಭವಿಸಿದ್ವಿ ಅನ್ನಬಹುದು. ಆದ್ರೆ ಆ ಸಾಲಲ್ಲಿ ಎರಡು ಮರ ಸತ್ತು ಬೋಳು ಕಾಂಡ ನಿಂತಿದಾವೆ. ಕಡಿಯೋಕೆ ಇಬ್ಬರಿಗೂ ಅಧಿಕಾರ ಇಲ್ಲ. ತೆಂಗು ಬೆಳೆಯೋರಿಗೆ ಗೊತ್ತು, ಕೊಳೆತ ಕಾಂಡ ಅಂದ್ರೆ ಸುಳಿ ಕೊರೆಯೋ ದುಂಬಿಗೆ ತವರುಮನೆ. ಒಳಗೆ ಹೆಬ್ಬೆಟ್ಟು ಗಾತ್ರದ ಗೊಣ್ಣೆಹುಳ. ಅಲ್ಲಿಂದ ಎದ್ದ ದುಂಬಿ ಬದು, ಸರ್ವೆ ನಂಬರು ನೋಡಿ ಹಾರಲ್ಲ. ಹೋದ ವರ್ಷ ಪಕ್ಕದ ತೋಟದವನು ಹಾಕಿದ ಎಳೇ ಸಸಿಯಲ್ಲಿ ಹನ್ನೆರಡಕ್ಕೆ ಸುಳಿ ಹೋಯ್ತು. ಅವನಿಗೂ ನಮ್ಮ ವ್ಯಾಜ್ಯಕ್ಕೂ ಏನು ಸಂಬಂಧ? ಒಂದು ದಿನ ಬಂದು ಕೈ ಮುಗಿದು, "ನಿಮ್ಮ ಜಗಳ ನೀವು ಆಡ್ಕೊಳ್ಳಿ, ಆ ಎರಡು ಕಾಂಡ ತೆಗೆಸಿ ಯಜಮಾನ್ರೇ" ಅಂದ. ನಾನು ಕೋರ್ಟಿನ ಮಾತು ಹೇಳಿ ಕಳಿಸಿದೆ. ಲುಬಾಂಗಿನ ರೈತನ ಕಥೆ ಕೇಳುವಾಗ ನನಗೆ ಇವನ ಮುಖ ಕಣ್ಣಿಗೆ ಬಂತು.

ಮೆದೆ ಸುಟ್ಟಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆದ್ರೆ ಹದಿನೈದು ವರ್ಷಕ್ಕೂ ಮೇಲೆ ಮನಸ್ಸಲ್ಲಿ ಒಂದೇ ಹೆಸರು ಇಟ್ಕೊಂಡು ಬಂದೆ. ಸಾಕ್ಷಿ ಇಲ್ಲ, ಅನುಮಾನ ಅಷ್ಟೇ. ಐದು ವರ್ಷದ ಹಿಂದೆ ಅಣ್ಣನ ಮಗ ಮದುವೆ ಕಾಗದ ಹಿಡ್ಕೊಂಡು ಬಂದ. "ಚಿಕ್ಕಪ್ಪ, ಅಪ್ಪ ಕಳಿಸಿದ್ದು, ಬರಲೇಬೇಕಂತೆ" ಅಂದ. ಹುಡುಗ ಮಾತಾಡುವಾಗ ಮುಖ ನೋಡ್ತಿರಲಿಲ್ಲ, ನೆಲ ನೋಡ್ತಿದ್ದ. ಅಷ್ಟಕ್ಕೇ ನಾನು, ಇದೇನೋ ರಾಜಿ ಮಾಡಿಸಿ ಸೈನ್ ಹಾಕಿಸ್ಕೊಳ್ಳೋ ಆಟ ಅಂದ್ಕೊಂಡೆ. ಹೋಗ್ಲಿಲ್ಲ. ಹೆಂಡ್ತಿ ಮೂರು ದಿನ ಮಾತು ಬಿಟ್ಟಿದ್ಲು. ಸಂಕೋಚಕ್ಕೆ ನೆಲ ನೋಡೋದನ್ನ ಮೋಸ ಅಂತ ಓದಿದ ನಾನು, ಅಳುವಿನ ದನೀನ ಮೋಸ ಅಂತ ಓದಿದ ಒನೊಡಾಗಿಂತ ಏನು ಬೇರೆ?

ಹಾಗಾಗಿ ನನ್ನ ಅಭಿಪ್ರಾಯ ಹೇಳ್ತೀನಿ. ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು.

ಒನೊಡಾನ ನೆನೆಯೋದು ತಪ್ಪಲ್ಲ. ಅರ್ಧ ನೆನೆಯೋದು ತಪ್ಪು. ಮೂವತ್ತು ವರ್ಷದ ಕಾಡಿಗಿಂತ, ಆಮೇಲೆ ಮಕ್ಕಳನ್ನ ಕರ್ಕೊಂಡು ಹೋಗಿ ಬೆಂಕಿ ಹಚ್ಚೋದು ಕಲಿಸಿದ ವರ್ಷಗಳು ದೊಡ್ಡವು ಅಂತ ನನಗೆ ಅನ್ನಿಸುತ್ತೆ. ಅದೇ ಕೈ ಮೊದಲು ಭತ್ತಕ್ಕೆ ಬೆಂಕಿ ಇಟ್ಟಿತ್ತು, ಆಮೇಲೆ ಮಕ್ಕಳಿಗೆ ಒಲೆ ಹಚ್ಚೋದು ಕಲಿಸ್ತು. ಎರಡನ್ನೂ ಒಟ್ಟಿಗೆ ಹೇಳಿ. ವಾಟ್ಸಾಪಲ್ಲಿ ಜಾಗ ಇಲ್ಲ ಅಂದ್ರೆ ಕಳಿಸಬೇಡಿ.

ಇನ್ನೊಂದು, ಇದು ನಮ್ಮಂಥ ಅಪ್ಪಂದಿರಿಗೆ. ಆಜ್ಞೆ ಕೊಡೋನು ಅದನ್ನ ವಾಪಸ್ ತಗೊಳ್ಳೋ ಹೊಣೇನೂ ಹೊರಬೇಕು. ತನಿಗುಚಿ ಬದುಕಿದ್ದ, ಹುಡುಕಿದ್ರೆ ಸಿಕ್ಕ. ನಮ್ಮಪ್ಪ ಎಲ್ಲಿ ಸಿಗ್ತಾನೆ? ಸಾಯೋ ಮುಂಚೆ ಮಕ್ಕಳ ಕೈ ಹಿಡಿದು ಜಗಳ ಒಪ್ಪಿಸಿ ಹೋಗಬೇಡಿ. ಪಾಲು ಮಾಡಿದ್ರೆ ಬದುಕಿರುವಾಗ್ಲೇ ಮಕ್ಕಳನ್ನ ಬದುವಿನ ಮೇಲೆ ನಿಲ್ಲಿಸಿ, ಅಳತೆ ಮಾಡಿಸಿ, ಪೋಡಿ ಮಾಡಿಸಿ ಬಿಡಿ. ಈಗಾಗ್ಲೇ ಕೋರ್ಟಲ್ಲಿ ಇರೋರಿಗೆ ಲೋಕ ಅದಾಲತ್ ಇದೆ. ಇಬ್ಬರೂ ಒಪ್ಪಿ ಅಲ್ಲಿ ರಾಜಿ ಆದ್ರೆ ಅದೇ ಡಿಕ್ರಿ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀಸೂ ವಾಪಸ್ ಬರುತ್ತೆ. ನನಗೆ ಇದು ಎಷ್ಟೋ ವರ್ಷದಿಂದ ಗೊತ್ತು. ಗೊತ್ತಿದ್ದೂ ಹೋಗ್ಲಿಲ್ಲ. ನನ್ನ ರೇಡಿಯೋ ಅದು.

ಮೊನ್ನೆ ಭಾನುವಾರ ಸಾಯಂಕಾಲ ಅಣ್ಣನ ಮನೆಗೆ ಹೋದೆ. ಪಂಚಾಯ್ತಿಯವರನ್ನ ಕರ್ಕೊಂಡು ಹೋಗ್ಲಿಲ್ಲ, ಆ ಜಪಾನಿ ಹುಡುಗನಂಗೆ ಒಬ್ಬನೇ. ಅಣ್ಣ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ, ಇಷ್ಟು ಹತ್ತಿರದಿಂದ ನೋಡಿ ಎಷ್ಟೋ ವರ್ಷ ಆಗಿತ್ತು. ಬಾ ಅನ್ನಲಿಲ್ಲ, ಹೋಗು ಅಂತಾನೂ ಅನ್ನಲಿಲ್ಲ. ಅತ್ತಿಗೆ ಒಳಗಿಂದ ಬಂದು ನೋಡಿ ಹಂಗೇ ಒಳಗೆ ಹೋದ್ರು, ಆಮೇಲೆ ಕಾಫಿ ಬಂತು. ನಾನು ವ್ಯಾಜ್ಯದ ಸುದ್ದಿ ಎತ್ತಲಿಲ್ಲ. "ಆ ಎರಡು ಸತ್ತ ಕಾಂಡ ಕಡಿಸಬೇಕು, ಪಕ್ಕದೋನ ಸಸಿ ಹಾಳಾಗ್ತಿದಾವೆ, ಇಬ್ಬರೂ ಒಪ್ಪಿ ಬರ್ಕೊಟ್ರೆ ಕೋರ್ಟಲ್ಲಿ ಕೇಳಬಹುದು" ಅಂದೆ ಅಷ್ಟೇ. ಅಣ್ಣ ಕಾಯಿ ಬಿಡಿಸ್ತಾನೇ ಇದ್ದ. ತುಂಬಾ ಹೊತ್ತಾದ ಮೇಲೆ, "ಆ ಮೆದೆ ನಾನು ಸುಟ್ಟಿಲ್ಲ ಕಣೋ" ಅಂದ. ನಾನು ಕೇಳೇ ಇರಲಿಲ್ಲ.

ಏನು ಹೇಳಬೇಕೋ ತಿಳೀದೆ ನಾನೂ ಒಂದು ಬೊಗಸೆ ಅವರೆಕಾಯಿ ತಗೊಂಡು ಬಿಡಿಸೋಕೆ ಕೂತೆ. ಕಾಂಡದ ಅರ್ಜಿಗೆ ಸೈನ್ ಹಾಕ್ತೀನಿ ಅಂದಿದಾನೆ. ಹನ್ನೊಂದು ಅಡಿ ಮಾತು ಇನ್ನೂ ಹಂಗೇ ಇದೆ.

ಮುಂದಿನ ವಾರ ಸುಳಿ ದುಂಬಿ ಬಗ್ಗೆ, ಗೊಬ್ಬರದ ಗುಂಡಿ ಹೆಂಗೆ ನೋಡ್ಕೋಬೇಕು ಅನ್ನೋದ್ರ ಬಗ್ಗೆ ಬರೀತೀನಿ. ಫೋಟೋನೂ ಹಾಕ್ತೀನಿ.